ಕರ್ಚೀಫಣ್ಣನೂ ಅಕ್ಕನ ಬೆವರೂ

ಅವನಿಗೆ ಮನುಷ್ಯರ ಮೈ ಎಂದರೆ ಹೇಸಿಗೆ. ಮೈಯಷ್ಟೇ ಅಲ್ಲ, ಮೈಯಿಂದ ಹೊರಗೆ ಬರುವ ಸಮಸ್ತವೂ ಹೇಸಿಗೆ. ಎಂಜಲು, ಸಿಂಬಳ, ತೇಗು, ಆಕಳಿಸುವವರ ಬಾಯಿಯ ಬಿಸಿಗಾಳಿ, ಎಲ್ಲಕ್ಕಿಂತ ಹೆಚ್ಚಾಗಿ ಬೆವರು. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಂತವರ ಕಂಕುಳು ತನ್ನ ಮುಖದ ಮಟ್ಟಕ್ಕೆ ಬಂತೆಂದರೆ ತನ್ನ ಸ್ಟಾಪಿಗೆ ಕಾಯದೆ ಇಳಿದುಬಿಡುತ್ತಿದ್ದ. ಯಾರೋ ಕೂತು ಎದ್ದ ಕುರ್ಚಿ ಇನ್ನೂ ಬೆಚ್ಚಗಿದ್ದರೆ ಅದು ಆರುವ ತನಕ ಪಕ್ಕದಲ್ಲಿ ನಿಂತಿರುತ್ತಿದ್ದ. ಒಬ್ಬರ ಕೈ ಕುಲುಕಿದರೆ ನಲ್ಲಿ ಸಿಗುವ ತನಕ ಆ ಕೈಯನ್ನು ಬೇರೆ ಯಾರದೋ ಕೈ ಎನ್ನುವಂತೆ ದೂರ ಹಿಡಿದುಕೊಂಡೇ ಓಡಾಡುತ್ತಿದ್ದ. ಮೂಗಿನ ಹತ್ತಿರ ಸದಾ ಒಂದು ಮಡಿಸಿದ ಬಿಳಿ ಕರ್ಚೀಫು. ಕೆಲಸದ ಜಾಗದ ಹೆಂಗಸರು ಅವನಿಗೆ ಕರ್ಚೀಫಣ್ಣ ಎಂದು ಹೆಸರಿಟ್ಟರು, ಅದೇ ಅಂಟಿಕೊಂಡಿತು.

ಇಂಥ ಮಹಾನುಭಾವ ಹೊಟ್ಟೆಪಾಡಿಗೆ ಮಾಡುತ್ತಿದ್ದ ಕೆಲಸ ಯಾವುದು ಗೊತ್ತೆ? ಜನರ ಮೈಯ ಬಿಸಿ ನೋಡುವುದು.

ಅವನು ಹುಟ್ಟುವಾಗಲೇ ಮೂಗು ಮುಚ್ಚಿಕೊಂಡು ಹುಟ್ಟಿದವನೇನಲ್ಲ. ತಾಯಿ ತೀರಿಕೊಂಡಾಗ ಅವನ ಹಾಲುಹಲ್ಲು ಕೂಡ ಬಿದ್ದಿರಲಿಲ್ಲ. ಅಪ್ಪ ಇದ್ದರೂ ಇಲ್ಲದಂತೆಯೇ. ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು ಅಕ್ಕ. ಅವಳೂ ಆಗ ಇನ್ನೂ ಹುಡುಗಿ. ತಮ್ಮನನ್ನು ಓದಿಸಬೇಕೆಂದು ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಗೆ ಕೆಲಸಕ್ಕೆ ಸೇರಿದಳು. ಇವನಿಗೆ ಜ್ವರ ಬಂದರೆ ಮನೆಯಲ್ಲಿ ಥರ್ಮಾಮೀಟರ್ ಎಲ್ಲಿಂದ ಬರಬೇಕು? ಅಕ್ಕನ ಅಂಗೈಯೇ ಎಲ್ಲ. ಹಣೆಯ ಮೇಲೆ ಒಮ್ಮೆ, ಕತ್ತಿನ ಹಿಂದೆ ಒಮ್ಮೆ, ಅಂಗಿಯೊಳಗೆ ಹೊಟ್ಟೆಯ ಮೇಲೆ ಒಮ್ಮೆ ಇಟ್ಟು ನೋಡಿ, ಎಷ್ಟು ಜ್ವರ ಎಂದು ಹೇಳಿಬಿಡುತ್ತಿದ್ದಳು. ಹೊದಿಕೆಯೊಳಗೆ ಇವನನ್ನು ಅವುಚಿಕೊಂಡು ಮಲಗುತ್ತಿದ್ದಳು. ಜ್ವರ ಬಿಟ್ಟು ಹಣೆಯಲ್ಲಿ ಹನಿ ಮೂಡಿದಾಗ, "ಬೆವರು ಬಂತು ಮರಿ, ಇನ್ನೇನೂ ಭಯ ಇಲ್ಲ" ಎಂದು ತನ್ನ ತೋಳಿನಿಂದಲೇ ಒರೆಸುತ್ತಿದ್ದಳು. ಆ ತೋಳಿನ ವಾಸನೆ ಬಂದರೆ ಸಾಕು, ಅವನಿಗೆ ನಿದ್ದೆ ಹತ್ತುತ್ತಿತ್ತು. ಇದನ್ನೆಲ್ಲ ಅವನು ಮರೆತಿರಲಿಲ್ಲ. ಮರೆತಿದ್ದರಾದರೂ ಕ್ಷಮಿಸಬಹುದಿತ್ತು.

ಅಕ್ಕನ ದುಡಿಮೆಯಲ್ಲಿ ಓದಿ ಅವನು ನರ್ಸಿಂಗ್ ಸಹಾಯಕನ ತರಬೇತಿ ಮುಗಿಸಿದ. ಮೊದಲು ಸೇರಿದ್ದು ಒಂದು ಆಸ್ಪತ್ರೆಯ ಗಂಡಸರ ವಾರ್ಡಿಗೆ. ಬೆಳಗಾದರೆ ಸಾಲಾಗಿ ಮಲಗಿದವರ ಕಂಕುಳಿಗೆ ಥರ್ಮಾಮೀಟರ್ ಇಡಬೇಕು. ಆ ಕಂಕುಳುಗಳು ಅವನ ಕನಸಿನಲ್ಲೂ ಬಂದವು. ಒದ್ದೆ ಕೂದಲು, ಕಮಟು ವಾಸನೆ, ಹೊರಗೆ ತೆಗೆದಾಗ ಗಾಜಿಗೆ ಅಂಟಿಕೊಂಡ ಜಿಡ್ಡು. ಕಂಕುಳನ್ನು ಮೊದಲು ಒಣಬಟ್ಟೆಯಿಂದ ಒರೆಸಿ, ಚರ್ಮಕ್ಕೆ ತಾಗುವ ಹಾಗೆ ಇಟ್ಟು, ತೋಳು ಮಡಿಸಿ ಹಿಡಿಯಬೇಕು ಎಂದು ಹೇಳಿಕೊಟ್ಟಿದ್ದರು. ಇವನು ಅಂಗಿಯ ಮೇಲಿನಿಂದಲೇ ಸಿಕ್ಕಿಸಿ, ಮುಖ ಆ ಕಡೆ ತಿರುಗಿಸಿ ನಿಲ್ಲುತ್ತಿದ್ದ. ಹೆಡ್ ನರ್ಸಮ್ಮ ಒಂದು ದಿನ ಹಿಂದೆ ಬಂದು ನಿಂತರು.

"ಏನಪ್ಪಾ, ನೀನು ನೋಡ್ತಿರೋದು ಪೇಷೆಂಟಿನ ಜ್ವರಾನೋ, ಅವರ ಅಂಗಿ ಜ್ವರಾನೋ?"

ವಾರ್ಡಿಗೆ ವಾರ್ಡೇ ನಕ್ಕಿತು. ಅಲ್ಲಿ ಅವನು ಹೆಚ್ಚು ದಿನ ನಿಲ್ಲಲಿಲ್ಲ. ಕೊನೆಗೆ ಅಕ್ಕನೇ ಮೇನೇಜರ ಕಾಲಿಗೆ ಬೀಳುವುದೊಂದು ಬಾಕಿ ಎನ್ನುವ ಹಾಗೆ ಬೇಡಿಕೊಂಡು, ತನ್ನ ಲಾಂಡ್ರಿಯ ಔಷಧಿ ಕೋಣೆಯಲ್ಲಿ ಅವನಿಗೊಂದು ಕೆಲಸ ಕೊಡಿಸಿದಳು. ಸುಟ್ಟ ಗಾಯಕ್ಕೆ ಮುಲಾಮು, ತಲೆನೋವಿಗೆ ಮಾತ್ರೆ, ಅಷ್ಟೇ ಕೆಲಸ.

ಅಕ್ಕ ಇದ್ದದ್ದು ಇಸ್ತ್ರಿ ಹಾಲಿನಲ್ಲಿ. ಒಗೆದ ಹಾಸಿಗೆ ಬಟ್ಟೆಗಳನ್ನು ಒದ್ದೆ ಇರುವಂತೆಯೇ ಈ ಕಡೆಯಿಂದ ಇಬ್ಬರು ತುದಿ ಹಿಡಿದು ಕಾದ ರೋಲರಿಗೆ ಕೊಡಬೇಕು, ಆ ಕಡೆಯಿಂದ ಇಬ್ಬರು ಎಳೆದು ಮಡಿಸಬೇಕು. ರೋಲರಿನ ಒಳಗೆ ಬಾಯ್ಲರಿನ ಹಬೆ ಹರಿಯುತ್ತದೆ. ಬಟ್ಟೆಯ ನೀರೆಲ್ಲ ಹಬೆಯಾಗಿ ಮೇಲೆದ್ದು ತಗಡಿನ ಚಾವಣಿಗೆ ಬಡಿದು, ಮತ್ತೆ ಹನಿಯಾಗಿ ಹೆಂಗಸರ ತಲೆಯ ಮೇಲೇ ಬೀಳುತ್ತದೆ. ಅಲ್ಲಿ ನಿಂತವರು ಬೆವರುತ್ತಾರೆ ಎನ್ನುವುದು ಒಂದು ಮಾತಾಯಿತೇ? ಅವರು ಕರಗಿ ಇಳಿದುಹೋಗುತ್ತಾರೆ. ಅಕ್ಕನ ಜೋಡಿಯಾಗಿ ಬಟ್ಟೆ ಕೊಡುವವಳನ್ನು ಎಲ್ಲರೂ ಗಂಟಲಮ್ಮ ಎನ್ನುತ್ತಿದ್ದರು, ಮೆಷಿನ್ನಿನ ಸದ್ದನ್ನು ಮೀರಿಸಿ ಮಾತಾಡುವುದು ಅವಳೊಬ್ಬಳಿಗೇ ಬರುತ್ತಿತ್ತು. ಅವಳು ಸಂಜೆ ಯೂನಿಫಾರ್ಮ್ ಅಂಗಿಯ ತುದಿ ಹಿಂಡಿ, "ನೋಡ್ರೇ, ಇನ್ನೊಂದು ಬಕೆಟ್ ಆಗುತ್ತೆ" ಎಂದು ತೋರಿಸುತ್ತಿದ್ದಳು. ಕರ್ಚೀಫಣ್ಣ ಆ ಹಾಲಿನ ಬಾಗಿಲು ದಾಟಿ ಒಳಗೆ ಕಾಲಿಟ್ಟವನಲ್ಲ.

ಒಂದು ವರ್ಷ ಊರಲ್ಲೆಲ್ಲ ಅಂಟುಜ್ವರ ಎದ್ದಿತು. ಒಳಗೆ ಬರುವ ಪ್ರತಿಯೊಬ್ಬರ ಟೆಂಪರೇಚರ್ ನೋಡಿಯೇ ಬಿಡಬೇಕು ಎಂದು ಮೇನೇಜರ ಆಜ್ಞೆಯಾಯಿತು. ಇಷ್ಟೂ ಜನರ ಕಂಕುಳೇ ಎಂದು ಅಂದು ಕರ್ಚೀಫಣ್ಣನಿಗೆ ಊಟ ಸೇರಲಿಲ್ಲ. ಮರುದಿನ ಪೆಟ್ಟಿಗೆ ಒಡೆದು ನೋಡಿದರೆ ಒಳಗಿದ್ದದ್ದು ಟೆಂಪರೇಚರ್ ಗನ್ನು. ಹಣೆಗೆ ಗುರಿ ಇಟ್ಟು ಒತ್ತಿದರೆ ಅಂಕಿ ಬರುತ್ತದೆ, ಮುಟ್ಟುವ ಹಾಗೇ ಇಲ್ಲ. ಅವನ ಪಾಲಿಗೆ ಅದು ವರ. ಅದರ ಜೊತೆ ಬಂದ ಹಾಳೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು: ಹಣೆ ಒಣಗಿರಬೇಕು, ಗನ್ನು ಹಣೆಯಿಂದ ಎರಡು ಬೆರಳಿನಷ್ಟೇ ದೂರ ಇರಬೇಕು. ಓದಿದ, ಮಡಿಸಿ ಡ್ರಾಯರಿಗೆ ಹಾಕಿದ. ಎರಡು ಬೆರಳು ಎಂದರೆ ಅವರ ಉಸಿರು ಇವನ ಮುಂಗೈಗೆ ತಾಗುತ್ತದಲ್ಲ! ಇವನು ತೋಳು ಪೂರ್ತಿ ಚಾಚಿ, ಒಂದು ಹೆಜ್ಜೆ ಹಿಂದೆ ನಿಂತು, ಮೂಗಿಗೆ ಕರ್ಚೀಫು ಒತ್ತಿಕೊಂಡು ಒತ್ತುತ್ತಿದ್ದ. ಎದುರಿಗಿದ್ದ ಹಣೆಗಳಲ್ಲಿ ಬೆವರು ಹರಿಯುತ್ತಿರುತ್ತಿತ್ತು. ಅಷ್ಟು ದೂರದಿಂದ, ಅಂಥ ಒದ್ದೆ ಹಣೆಯಿಂದ ಏನು ತಾನೇ ಗೊತ್ತಾಗಬೇಕು? ತೊಂಬತ್ತನಾಲ್ಕು, ತೊಂಬತ್ತೈದು ಎಂದು ತೋರಿಸುತ್ತಿತ್ತು. ಇವನು ತೃಪ್ತಿಯಿಂದ "ನಾರ್ಮಲ್, ಮುಂದೆ ಹೋಗಿ" ಎನ್ನುತ್ತಿದ್ದ.

"ಇವನ ಗನ್ನಿನ ಪ್ರಕಾರ ನಾವೆಲ್ಲ ಸತ್ತು ವಾರ ಆಗಿದೆ ಕಣ್ರೇ," ಎನ್ನುತ್ತಿದ್ದಳು ಗಂಟಲಮ್ಮ. "ಹೂಳೋರು ಬಂದಿಲ್ಲ ಅಂತ ಇಸ್ತ್ರಿ ಹಾಕ್ತಾ ಇದೀವಿ."

ಅಕ್ಕ ಮಾತ್ರ ನಗುತ್ತಿರಲಿಲ್ಲ. ತಮ್ಮ ಬಿಳಿ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾನೆ ಎಂಬುದೇ ಅವಳಿಗೆ ಹೆಮ್ಮೆ.

ಇಬ್ಬರೂ ಇದ್ದದ್ದು ಒಂದು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆಯಲ್ಲಿ. ಅಕ್ಕ ಮದುವೆಯಾಗಲಿಲ್ಲ. ಇವನನ್ನು ದಡ ಮುಟ್ಟಿಸುವಷ್ಟರಲ್ಲಿ ಅವಳನ್ನು ಯಾರಾದರೂ ಕೇಳಿಕೊಂಡು ಬರುವ ವಯಸ್ಸು ಮೀರಿತ್ತು. ಇವನೂ ಆಗಿರಲಿಲ್ಲ, ಇವನ ಮೂಗಿಗೆ ಒಪ್ಪುವ ಹೆಣ್ಣು ಇನ್ನೂ ಹುಟ್ಟಿರಲಿಲ್ಲ. ಕೆಲಸದಿಂದ ಬಂದ ಅಕ್ಕ ಹಿತ್ತಲಲ್ಲೇ ಕೈಕಾಲು ಮುಖ ತೊಳೆದು, ಬಟ್ಟೆ ಬದಲಿಸಿ ಒಳಗೆ ಬರಬೇಕೆಂದು ಅವನ ಕಟ್ಟಪ್ಪಣೆ. ಅವಳು ಹಾಗೇ ಮಾಡುತ್ತಿದ್ದಳು. ಆದರೆ ಇಡೀ ದಿನ ಹಬೆಯಲ್ಲಿ ಬೆಂದ ಮೈ ತಣಿಯಲು ಹೊತ್ತು ಬೇಕಲ್ಲವೇ? ತೊಳೆದುಕೊಂಡು ಬಂದು ಒಲೆಯ ಮುಂದೆ ನಿಂತ ಕೂಡಲೇ ಮತ್ತೆ ಬೆವರು ಕಿತ್ತುಕೊಂಡು ಬರುತ್ತಿತ್ತು.

ಬೇಸಿಗೆ ಶುರುವಾದ ಹೊಸದರಲ್ಲಿ ಒಂದು ಸಂಜೆ ಇಬ್ಬರೂ ಊಟಕ್ಕೆ ಕೂತಿದ್ದರು. ಅಕ್ಕ ಬಡಿಸಲು ಬಾಗಿದಳು. ಅವಳ ಗಲ್ಲದಿಂದ ಒಂದು ಹನಿ ಜಾರಿ ಇವನ ತಟ್ಟೆಯ ಅಂಚಿಗೆ ಬಿತ್ತು. ಅನ್ನದೊಳಗೆ ಬೀಳಲಿಲ್ಲ, ಅಂಚಿಗೆ ಬಿತ್ತು. ಇವನು ತಟ್ಟೆ ಸರಿಸಿ ಎದ್ದ.

"ಅಕ್ಕ, ಬೇಜಾರು ಮಾಡ್ಕೋಬೇಡ. ನಿನ್ನ ಪಕ್ಕ ಕೂತು ಉಣ್ಣೋಕೆ ಆಗ್ತಿಲ್ಲ ನನಗೆ. ವಾಕರಿಕೆ ಬರುತ್ತೆ."

"ನಾನು ಆಮೇಲೆ ಉಣ್ತೀನಿ ಬಿಡು," ಎಂದಳು ಅಕ್ಕ.

"ಆಮೇಲೆ ಉಂಡರೂ ವಾಸನೆ ಇಲ್ಲೇ ಇರುತ್ತಲ್ಲ."

ಬೇರೆ ತಟ್ಟೆ ತೆಗೆದುಕೊಂಡು, ತಾನೇ ಬಡಿಸಿಕೊಂಡು, ಹೊರಗಿನ ಮೆಟ್ಟಿಲ ಮೇಲೆ ಬೀದಿಗೆ ಮುಖ ಮಾಡಿ ಕೂತು ಉಂಡ. ಮರುದಿನವೂ ಅಲ್ಲೇ. ಆಮೇಲೆ ದಿನಾ ಅಲ್ಲೇ. ಥೂ, ಇವನಿಗೆ ಅನ್ನ ಕಲಸಿ ತುತ್ತು ಮಾಡಿ ಬಾಯಿಗಿಟ್ಟ ಕೈ ಒಳಗೆ ಒಂಟಿಯಾಗಿ ಉಣ್ಣುತ್ತಿತ್ತು, ಇವನು ಬೀದಿಯ ಧೂಳು ನೋಡಿಕೊಂಡು ನೆಮ್ಮದಿಯಾಗಿ ಉಣ್ಣುತ್ತಿದ್ದ.

ಅಕ್ಕ ಅಳುವವರ ಪೈಕಿಯಲ್ಲ. ಅವಳು ಉಪಾಯ ಹುಡುಕಿದಳು. ಲಾಂಡ್ರಿಯಲ್ಲಿ ಇಸ್ತ್ರಿಯಾದ ಡಾಕ್ಟರುಗಳ ಕೋಟುಗಳಿಗೆ ತೊಡಿಸುವ ತೆಳು ಪ್ಲಾಸ್ಟಿಕ್ ಕವರುಗಳ ದೊಡ್ಡ ಸುರುಳಿ ಇರುತ್ತದೆ. ಅದನ್ನು ಹರಿದು, ಎದೆಗೆ, ಬೆನ್ನಿಗೆ, ಎರಡೂ ಕಂಕುಳಿಗೆ ಸುತ್ತಿ, ಪಾರ್ಸೆಲ್ಲಿಗೆ ಹಚ್ಚುವ ಟೇಪು ಹಚ್ಚಿ, ಮೇಲೆ ಅಂಗಿ ತೊಟ್ಟಳು. ಬೆವರು ಬಟ್ಟೆಗೆ ತಾಗಬಾರದು, ವಾಸನೆ ಹೊರಗೆ ಹೋಗಬಾರದು. ಕೊಳೆಬಟ್ಟೆಯ ವಾಸನೆ ಹೊರಗೆ ಬರದ ಹಾಗೆ ಲಾಂಡ್ರಿಯವರೆಲ್ಲ ಮಾಡುತ್ತಿದ್ದದ್ದೂ ಅದನ್ನೇ, ಪ್ಲಾಸ್ಟಿಕ್ಕಿನಲ್ಲಿ ಹಾಕಿ ಬಿಗಿದು ಕಟ್ಟುವುದು. ಜೀವಮಾನವಿಡೀ ಆ ಕೆಲಸ ಮಾಡಿದವಳಿಗೆ ಬೇರೇನು ತೋಚಬೇಕು? ಅದರ ಜೊತೆಗೆ, ಕುಡಿದದ್ದೇ ತಾನೇ ಬೆವರಾಗಿ ಬರುವುದು ಎಂದು ನೀರು ಕುಡಿಯುವುದನ್ನೂ ಕಡಿಮೆ ಮಾಡಿದಳು.

"ಹುಚ್ಚು ಹಿಡಿದಿದೆಯೇನೇ ನಿನಗೆ? ಆ ರೋಲರ್ ಮುಂದೆ ಇದನ್ನ ಸುತ್ಕೊಂಡು ನಿಲ್ತೀಯಾ?" ಎಂದಳು ಗಂಟಲಮ್ಮ.

"ಸುಮ್ನಿರು. ನನ್ನ ತಮ್ಮ ಒಳಗೆ ಬಂದು ಊಟ ಮಾಡಲಿ, ಸಾಕು."

ಸಂಜೆ ಹಿತ್ತಲಲ್ಲಿ ಬಿಚ್ಚಿ, ತೊಳೆದುಕೊಂಡು, ಹೊಸ ತುಂಡು ಸುತ್ತಿಕೊಂಡು ಒಳಗೆ ಬರುತ್ತಿದ್ದಳು. ಕಂಕುಳಲ್ಲಿ, ಪಕ್ಕೆಗಳಲ್ಲಿ ಕೆಂಪು ಗುಳ್ಳೆ ಎದ್ದು ಉರಿಯುತ್ತಿದ್ದವು, ಅದನ್ನು ಯಾರಿಗೂ ಹೇಳಲಿಲ್ಲ. ಒಂದು ವಾರ ಕಳೆದಿರಬಹುದು. ಕರ್ಚೀಫಣ್ಣ ನೀರು ತೆಗೆದುಕೊಳ್ಳಲು ಒಳಗೆ ಬಂದವನು ಗಾಳಿ ಮೂಸಿದ. ಮತ್ತೆ ಮೂಸಿದ.

"ಏನಕ್ಕ, ಇವತ್ತು ವಾಸನೆನೇ ಇಲ್ಲ?"

"ಸೋಪು ಬದಲಾಯಿಸಿದೆ ಕಣೋ."

"ಒಳ್ಳೇ ಸೋಪು. ಅದನ್ನೇ ಹಾಕು." ತಟ್ಟೆ ಒಳಗೆ ತಂದು ಅವಳ ಎದುರಿಗೆ ಕೂತ. ಅವಳು ಬಡಿಸುವಾಗ ಅಂಗಿಯೊಳಗೆ ಚರಪರ ಸದ್ದಾಗುತ್ತಿತ್ತು. ಅವನ ಕಿವಿಗೂ ಅದು ಬಿತ್ತು, ಏನೆಂದು ಕೇಳಲಿಲ್ಲ. ಅವನಿಗಿದ್ದದ್ದು ಮೂಗೊಂದೇ. ಅಕ್ಕ ಆ ದಿನ ಇನ್ನೊಂದು ಸೌಟು ಹೆಚ್ಚಿಗೆ ಬಡಿಸಿದಳು.

ಬಿಸಿಲು ಏರುತ್ತ ಹೋಯಿತು. ಒಂದು ಮಧ್ಯಾಹ್ನ ಇಸ್ತ್ರಿ ಹಾಲಿನ ಗಾಳಿ ಎಳೆಯುವ ಫ್ಯಾನು ಕೆಟ್ಟು ನಿಂತಿತು. ರಿಪೇರಿಯವನು ಬರುವ ತನಕ ಕೆಲಸ ನಿಲ್ಲಬಾರದು ಎಂದರು ಮೇನೇಜರು, ಯಾರೂ ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಿಗೆ ಅಕ್ಕ ಗೋಡೆ ಹಿಡಿದುಕೊಂಡು ಔಷಧಿ ಕೋಣೆಯ ಬಾಗಿಲಿಗೆ ಬಂದಳು. ಬರುವ ಮೊದಲು ತಮ್ಮನಿಗೆ ಅಸಹ್ಯವಾದೀತೆಂದು ಒದ್ದೆಬಟ್ಟೆಯಿಂದ ಮುಖ ಒರೆಸಿಕೊಂಡು ಬಂದಿದ್ದಳು.

"ತಲೆ ಸುತ್ತುತ್ತೆ ಕಣೋ. ಕಾಲಲ್ಲಿ ಸೆಳೆತ. ಒಂದು ಸಲ ನೋಡು."

ಇವನು ಕುರ್ಚಿಯಿಂದ ಏಳಲಿಲ್ಲ. ತೋಳು ಚಾಚಿ, ಕೂತಲ್ಲಿಂದಲೇ ಆ ಒದ್ದೆ ಹಣೆಗೆ ಗುರಿಯಿಟ್ಟು ಒತ್ತಿದ. ತೊಂಬತ್ತೈದು.

"ಏನೂ ಇಲ್ಲ. ನಾರ್ಮಲ್. ಹೋಗು." ಆಮೇಲೆ ಏನೋ ದೊಡ್ಡ ಉಡುಗೊರೆ ಕೊಡುವವನ ಹಾಗೆ, "ಎಲ್ಲರೂ ಹೇಗೆ ನಾರ್ತಾ ಇದಾರೆ, ನಿನ್ನ ಹತ್ರ ಮಾತ್ರ ವಾಸನೆನೇ ಇಲ್ಲ ನೋಡಕ್ಕ. ಹೀಗೇ ಇರು" ಎಂದ.

ಅಕ್ಕನ ಮುಖ ಅರಳಿತು. ಅದೇ ಮುಖ ಹೊತ್ತುಕೊಂಡು ರೋಲರಿನ ಮುಂದೆ ಹೋಗಿ ನಿಂತಳು.

ಗಂಟಲಮ್ಮನ ಕೂಗು ಕೇಳಿದಾಗ ಇವನು ಗನ್ನಿಗೆ ಸ್ಪಿರಿಟ್ ಹಚ್ಚಿ ಒರೆಸುತ್ತಿದ್ದ. ಓಡಿದ. ಆ ಹಾಲಿನ ಬಾಗಿಲು ದಾಟಿದ್ದು ಅದೇ ಮೊದಲು. ಹಬೆಯ ಜೊತೆ ಅಷ್ಟೂ ಜನರ ಬೆವರಿನ ಗಬ್ಬು ಮುಖಕ್ಕೆ ರಪ್ಪನೆ ಹೊಡೆಯಿತು. ಅಕ್ಕ ನೆಲದ ಮೇಲೆ ಬಿದ್ದಿದ್ದಳು. ಮುಖ ಕೆಂಪಗೆ ಒಣಗಿತ್ತು, ಕಣ್ಣು ಅರೆ ಮುಚ್ಚಿತ್ತು. "ಮರಿಗೆ ಜ್ವರ, ಹೊದಿಕೆ ಕೊಡಮ್ಮ" ಎಂದು ಎಂದೋ ಸತ್ತ ತಾಯಿಯ ಹತ್ತಿರ ಮಾತಾಡುತ್ತಿದ್ದಳು. ಆಗ ಈ ಮನುಷ್ಯ ಏನು ಮಾಡಿದ ಗೊತ್ತೆ? ಒಂದು ಹೆಜ್ಜೆ ಹಿಂದೆ ನಿಂತು, ತೋಳು ಚಾಚಿ, ಗನ್ನು ಒತ್ತಿದ.

"ತೊಂಬತ್ತೇಳು ಇದೆ," ಎಂದ.

ಗಂಟಲಮ್ಮ ಆ ಗನ್ನನ್ನು ಅವನ ಕೈಯಿಂದ ಕಿತ್ತು ಮೂಲೆಗೆ ಎಸೆದಳು. ಜೀವನದಲ್ಲಿ ಮೊದಲ ಸಲ ಮೆಲ್ಲಗೆ ಮಾತಾಡಿದಳು. "ಮುಟ್ಟಿ ನೋಡು. ನಿನ್ನ ಅಕ್ಕ ಅವಳು. ಮುಟ್ಟಿ ನೋಡು."

ಮುಟ್ಟಿದ. ಕೈ ತಾನಾಗಿ ಹಿಂದಕ್ಕೆ ಬಂತು. ಮನುಷ್ಯರ ಮೈ ಅಷ್ಟು ಸುಡುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಗಂಡಸರನ್ನೆಲ್ಲ ಆಚೆ ಅಟ್ಟಿ, ಸುತ್ತ ಹಾಸಿಗೆ ಬಟ್ಟೆ ಅಡ್ಡ ಹಿಡಿದು ಹೆಂಗಸರು ಅಂಗಿಯ ಗುಂಡಿ ಬಿಚ್ಚಿದರು. ಒಳಗೆ ಬಟ್ಟೆ ಸಿಗಲಿಲ್ಲ, ಪ್ಲಾಸ್ಟಿಕ್ ಸಿಕ್ಕಿತು. "ಕತ್ತರಿ ತಗೊಂಡು ಬಾ," ಎಂದಳು ಗಂಟಲಮ್ಮ, "ನೀನೇ ಕತ್ತರಿಸು, ಅದೇ ತಾನೇ ನಿನ್ನ ಕೆಲಸ." ಇವನು ಮಂಡಿಯೂರಿ ಬೆನ್ನ ಕಡೆಯಿಂದ ಟೇಪು ಕತ್ತರಿಸಿದ. ಒಳಗೆ ಹಗಲಿಡೀ ಕೂಡಿಟ್ಟ ಬೆವರು ಬಿಸಿ ಬಿಸಿಯಾಗಿ ಅವನ ಮುಂಗೈಯ ಮೇಲೆ ಹರಿದು ನೆಲಕ್ಕೆ ಸುರಿಯಿತು. ವಾಸನೆ ಗಂಟಲವರೆಗೂ ಇಳಿಯಿತು. ಪ್ಲಾಸ್ಟಿಕ್ ಎಳೆದಲ್ಲೆಲ್ಲ ಗುಳ್ಳೆಗಳ ಸಿಪ್ಪೆ ಅದರ ಜೊತೆಗೇ ಎದ್ದು ಬಂತು. ಓಕರಿಸಿದ, ಆದರೆ ಕತ್ತರಿ ಬಿಡಲಿಲ್ಲ. ಯಾರೋ ನೀರಿನ ಪೈಪು ಎಳೆದು ತಂದರು. ಹೆಂಗಸರು ಇಸ್ತ್ರಿಯಾದ ಬಟ್ಟೆಗಳನ್ನು ನಾಲ್ಕೂ ತುದಿ ಹಿಡಿದು ಎತ್ತಿ ಎತ್ತಿ ಗಾಳಿ ಹಾಕಿದರು. ಅವನ ಕರ್ಚೀಫು ನೆನೆದು ಅಕ್ಕನ ಕತ್ತಿಗೆ ಹೋಯಿತು.

ಆಸ್ಪತ್ರೆಗೆ ಹೊರಡಲು ಸಿಕ್ಕಿದ್ದು ಕೊಳೆಬಟ್ಟೆ ತರುವ ವ್ಯಾನು. ರಕ್ತದ ಕಲೆ, ಮೂತ್ರದ ಕಲೆ, ಇನ್ನೂ ಏನೇನೋ ಕಲೆಯ ಗಂಟುಗಳ ಮೇಲೆ ಕೂತು, ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ದಾರಿಯುದ್ದಕ್ಕೂ ಬಾಟಲಿಯಿಂದ ನೀರು ಹನಿಸಿದ. ಆ ಗಂಟುಗಳ ವಾಸನೆ ಅವನಿಗೆ ಬಂತೋ ಇಲ್ಲವೋ, ಕೇಳುವವರು ಯಾರೂ ಇರಲಿಲ್ಲ.

ಅಲ್ಲಿನ ನರ್ಸು ಪರದೆ ಎಳೆದು, ಹೊರಗಿನ ಲೆಕ್ಕ ಬಿಟ್ಟು ಮೈಯೊಳಗಿನ ಬಿಸಿ ನೋಡಿದಳು. ನೂರಾ ಏಳು. ಐಸಿನ ನೀರು, ಫ್ಯಾನು, ಡ್ರಿಪ್ಪು ಎಂದು ಎಲ್ಲರೂ ಓಡಾಡಿದರು. ಬಹಳ ಹೊತ್ತಿನ ನಂತರ ಡಾಕ್ಟರಮ್ಮ ಹೊರಗೆ ಬಂದರು. ಅವರ ಕೈಯಲ್ಲಿ ಅಕ್ಕನ ಮೈಗೆ ಇನ್ನೂ ಅಂಟಿಕೊಂಡಿದ್ದ ಪ್ಲಾಸ್ಟಿಕ್ ತುಂಡೊಂದಿತ್ತು.

"ಇದು ಯಾಕ್ರೀ ಸುತ್ತಿದ್ರಿ? ಮೈಯೊಳಗೆ ಬಿಸಿ ಹುಟ್ತಾನೇ ಇರುತ್ತೆ, ದುಡಿದಷ್ಟೂ ಜಾಸ್ತಿ. ರಕ್ತ ಅದನ್ನ ಚರ್ಮಕ್ಕೆ ತಂದು ಹಾಕುತ್ತೆ, ಬೆವರು ಆರ್ತಾ ಆರ್ತಾ ಅದನ್ನ ಹೊತ್ಕೊಂಡು ಹೋಗುತ್ತೆ. ಬೆವರು ಬಂದ್ರೆ ಸಾಲದು ರೀ, ಅದು ಆರಬೇಕು. ನೀವು ಆರೋಕೆ ಬಿಡದೆ ಪ್ಯಾಕ್ ಮಾಡಿಬಿಟ್ಟಿದೀರಲ್ಲ."

ಅವನು ಇದನ್ನೆಲ್ಲ ತರಬೇತಿಯಲ್ಲಿ ಓದಿದ್ದ. ಪರೀಕ್ಷೆಯಲ್ಲಿ ಬರೆದು ಪಾಸೂ ಆಗಿದ್ದ.

"ಇವನ ಮೂಗಿಗೋಸ್ಕರ ಡಾಕ್ಟ್ರೇ," ಎಂದಳು ಜೊತೆಗೆ ಬಂದಿದ್ದ ಗಂಟಲಮ್ಮ. "ಇವನು ಪಕ್ಕದಲ್ಲಿ ಕೂತು ಉಣ್ಣಲಿ ಅಂತ."

ಡಾಕ್ಟರಮ್ಮ ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಕೊಳೆ ನೀರು ಕಂಡಾಗ ತಾನು ನೋಡುತ್ತಿದ್ದ ನೋಟ ಅದು, ಅವನಿಗೆ ಗುರುತು ಸಿಕ್ಕಿತು. ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡ. ಮುಖ ತೊಳೆಯಲು ತಲೆ ಎತ್ತಿದರೆ ಕನ್ನಡಿಯಲ್ಲಿ ಅದೇ ಮುಖ. ಜಗತ್ತಿನಲ್ಲಿ ಇಷ್ಟು ಹೇಸಿಗೆಯದ್ದು ಬೇರೊಂದಿಲ್ಲ ಎನ್ನಿಸಿ ಮತ್ತೆ ವಾಂತಿಯಾಯಿತು.

ಮರುದಿನ ಬಿಸಿಲೇರಿದ ಮೇಲೆ ಅಕ್ಕ ಕಣ್ಣು ಬಿಟ್ಟಳು. ಜೀವ ಉಳಿದಿತ್ತು. ಮಂಚದ ಪಕ್ಕದ ಸ್ಟೂಲಿನ ಮೇಲೆ ಅವನು ಕೂತೇ ಇದ್ದ. ಅವಳ ಹಣೆಯ ಅಂಚಿನಲ್ಲಿ ಸಣ್ಣ ಸಣ್ಣ ಹನಿ ಮೂಡಿತ್ತು. ಬೆವರು ಬಂತು, ಇನ್ನೇನೂ ಭಯ ಇಲ್ಲ ಎಂದು ಹೇಳಬೇಕೆಂದು ಅವನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಅವನನ್ನು ನೋಡಿದವಳೇ ಹೊದಿಕೆಯನ್ನು ಕತ್ತಿನವರೆಗೆ ಎಳೆದುಕೊಂಡಳು.

"ದೂರ ಕೂತ್ಕೋ ಮರಿ. ಬೆವರ್ತಾ ಇದೀನಿ."

ಅವನು ಅಲ್ಲಾಡಲಿಲ್ಲ.

"ಯಾಕೋ ಮುಖ ಹಿಂಗೆ ಬಾಡಿದೆ? ಜ್ವರಗಿರ ಬಂತೇನೋ?"

ಡ್ರಿಪ್ಪಿಲ್ಲದ ಕೈ ಎತ್ತಿ ಅವನ ಹಣೆಯ ಕಡೆ ತಂದಳು. ಅರ್ಧಕ್ಕೆ ಏನೋ ನೆನಪಾಗಿ ನಿಲ್ಲಿಸಿದಳು. ಅಂಗೈಯನ್ನು ಹೊದಿಕೆಗೆ ಒರೆಸಿದಳು, ಹಿಂದೆ ಮುಂದೆ ತಿರುಗಿಸಿ ಮತ್ತೆ ಒರೆಸಿದಳು. ಆಮೇಲೆ ಆ ಕೈಯನ್ನು ಅವನ ಹಣೆಗೆ ತಾಗಿಸದೆ, ಒಂದು ಗೇಣು ದೂರದಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದಳು.

"ಏನಿಲ್ಲ ಬಿಡು," ಎಂದಳು. "ತಣ್ಣಗಿದೀಯ."